ಊರ ಮೈದಾನಕ್ಕೆ ಸಣ್ಣ ಹೆಲಿಕಾಪ್ಟರ್ ಬರುವ ದಿನ: ಅದು ಹಿಡಿತ ತಪ್ಪದಂತೆ ನೆಲದ ಮೇಲಿರುವವರು ಮಾಡಬೇಕಾದ ಕೆಲಸ

ಕೋಲಾರ ಜಿಲ್ಲೆಗೆ ಹೆಲಿಕಾಪ್ಟರ್ ಬರುವುದು ಈಗ ಅಪರೂಪವೇನಲ್ಲ. ಚುನಾವಣೆ ಬಂತೆಂದರೆ ಮುಳಬಾಗಿಲು, ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ ಎಲ್ಲಾ ಕಡೆ ಧೂಳೆಬ್ಬಿಸಿಕೊಂಡು ಇಳಿಯುತ್ತವೆ. ಈಚೆಗೆ ಮದುವೆ ಗಂಡನ್ನು ಛತ್ರಕ್ಕೆ ಕರೆತರಲು, ತೇರಿನ ಮೇಲೆ ಹೂ ಸುರಿಯಲು ಕೂಡ ಬಾಡಿಗೆಗೆ ತರಿಸುತ್ತಾರೆ. ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಇಂಜಿನಿಯರ್ ಆಗಿದ್ದವನು. ರಸ್ತೆ, ಮೋರಿ ಕೆಲಸದ ನಡುವೆ ತಾತ್ಕಾಲಿಕ ಹೆಲಿಪ್ಯಾಡ್ ಮಾಡಿಸುವ ಕೆಲಸವೂ ತಲೆಗೆ ಬರುತ್ತಿತ್ತು. ಓದಿ ಕಲಿತದ್ದು ಸ್ವಲ್ಪ, ಪೈಲಟ್‌ಗಳಿಂದ ಬೈಸಿಕೊಂಡು ಕಲಿತದ್ದು ಜಾಸ್ತಿ.

ಮೊದಮೊದಲು ನಾನು ಅಂದುಕೊಂಡಿದ್ದು ಇಷ್ಟೇ: ಸಮತಟ್ಟಾದ ಜಾಗ, ಸುಣ್ಣದಲ್ಲಿ ಒಂದು ಎಚ್, ಸುತ್ತ ಬೊಂಬು ಕಟ್ಟಿದರೆ ಮುಗಿಯಿತು, ಉಳಿದದ್ದು ಪೈಲಟ್ ಪಾಡು. ಹಾಗಲ್ಲ. ಸಣ್ಣ ಹೆಲಿಕಾಪ್ಟರ್ ಇಳಿಯುವಾಗ ಹಿಡಿತ ತಪ್ಪುವುದು ಮೇಲೆ, ಗಾಳಿಯಲ್ಲಿ. ಆದರೆ ಅದಕ್ಕೆ ಕಾರಣ ಎಷ್ಟೋ ಸಲ ಕೆಳಗೆ ನಾವು ಬಿಟ್ಟ ಮರ, ತಂತಿ, ಧೂಳು, ತಪ್ಪು ಜಾಗದಲ್ಲಿ ನೆಟ್ಟ ಗಾಳಿಚೀಲ, ಅಂದರೆ ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ. ಹಾಗಾಗಿ ಜಾಗ ಸಿದ್ಧ ಮಾಡುವವರಿಗೆ ಹೆಲಿಕಾಪ್ಟರ್ ಹೇಗೆ ಬೀಳುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು.

ಹಿಡಿತ ತಪ್ಪುವುದು ಹೇಗೆ

ಮೊದಲನೆಯದು, ತಾನು ಕೆಳಕ್ಕೆ ತಳ್ಳಿದ ಗಾಳಿಯೊಳಗೆ ತಾನೇ ಮುಳುಗುವುದು. ಇದನ್ನು ವೋರ್ಟೆಕ್ಸ್ ರಿಂಗ್ ಅನ್ನುತ್ತಾರೆ. ಹೆಲಿಕಾಪ್ಟರ್ ಮುಂದಕ್ಕೆ ಹೋಗುವ ವೇಗ ತೀರಾ ಕಡಿಮೆಯಾಗಿ, ನಿಮಿಷಕ್ಕೆ 300 ಅಡಿಗಿಂತ ಜೋರಾಗಿ ನೇರ ಕೆಳಕ್ಕೆ ಇಳಿಯುತ್ತಿದ್ದರೆ, ಇಂಜಿನ್ನೂ ಶಕ್ತಿ ಕೊಡುತ್ತಿದ್ದರೆ, ರೆಕ್ಕೆಯ ಅಂಚಿನಲ್ಲಿ ಗಾಳಿ ಬಳೆಯ ಹಾಗೆ ಸುತ್ತಲು ಶುರುಮಾಡುತ್ತದೆ. ಆಗ ರೆಕ್ಕೆಗೆ ಎತ್ತುವ ಬಲ ಸಿಗುವುದಿಲ್ಲ. ಪೈಲಟ್ ಇನ್ನಷ್ಟು ಶಕ್ತಿ ಕೊಟ್ಟರೆ ಇನ್ನಷ್ಟು ಬೇಗ ಇಳಿಯುತ್ತದೆ. ಕೆರೆ ಅಂಗಳದ ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರ್‌ಗೆ ಆಕ್ಸಿಲರೇಟರ್ ತುಳಿದರೆ ಚಕ್ರ ಇನ್ನೂ ಹೂತುಕೊಳ್ಳುತ್ತಲ್ವಾ, ಹಾಗೆ. ಬಿಡಿಸಿಕೊಳ್ಳಲು ಮುಂದಕ್ಕೋ ಪಕ್ಕಕ್ಕೋ ಹೊಸ ಗಾಳಿಗೆ ಜಾರಬೇಕು. ಪಕ್ಕಕ್ಕೆ ಜಾರುವ ಉಪಾಯವನ್ನು ಸ್ವಿಟ್ಜರ್ಲೆಂಡಿನ ಪೈಲಟ್ ಕ್ಲೋಡ್ ವುಯಿಶಾರ್ ಪ್ರಚಾರಕ್ಕೆ ತಂದರು. ಬೇಗ ಗುರುತಿಸಿದರೆ ಅದರಲ್ಲಿ ಕಳೆದುಕೊಳ್ಳುವ ಎತ್ತರ ಕಡಿಮೆ. ಆದರೆ ಜಾರಲು ಜಾಗ ಬೇಕು, ಕೆಳಗೆ ಒಂದಿಷ್ಟಾದರೂ ಎತ್ತರ ಉಳಿದಿರಬೇಕು. ಸುತ್ತ ನೀಲಗಿರಿ ತೋಪು ಇದ್ದರೆ ಎಲ್ಲಿಗೆ ಜಾರುವುದು?

ಎರಡನೆಯದು, ಬಾಲ ಕೈಕೊಡುವುದು. ಮೇಲಿನ ದೊಡ್ಡ ರೋಟರ್, ಅಂದರೆ ತಿರುಗುವ ರೆಕ್ಕೆಗಳು, ಒಂದು ಕಡೆಗೆ ತಿರುಗಿದರೆ ಹೆಲಿಕಾಪ್ಟರಿನ ಮೈ ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದು ಬಾಲದ ಸಣ್ಣ ರೋಟರ್. ನಿಧಾನವಾಗಿ ಹೋಗುವಾಗ, ಜಾಸ್ತಿ ಶಕ್ತಿ ಬಳಸುತ್ತಿರುವಾಗ, ಗಾಳಿ ಹಿಂದಿನಿಂದಲೋ ಪಕ್ಕದಿಂದಲೋ ಬೀಸಿದರೆ ಈ ಸಣ್ಣ ರೋಟರ್ ಸೋಲಬಹುದು. ಆಗ ಮೂತಿ ಇದ್ದಕ್ಕಿದ್ದಂತೆ ಗಿರ್ರನೆ ತಿರುಗುತ್ತದೆ. ರಾಬಿನ್ಸನ್ ಆರ್44, ಬೆಲ್ 407 ಇವುಗಳ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತದೆ. ಬಾಲ ಸೋತರೆ ಅವುಗಳ ಮೂತಿ ಬಲಕ್ಕೆ ಸುತ್ತುತ್ತದೆ, ಎಡದಿಂದ ಬರುವ ಗಾಳಿ ಅವುಗಳಿಗೆ ಆಗಿಬರುವುದಿಲ್ಲ. ಫ್ರಾನ್ಸ್ ಮೂಲದ ಎಚ್125, ನಮ್ಮ ಸೇನೆಯ ಚೇತಕ್ ಉಲ್ಟಾ, ಎಡಕ್ಕೆ ಸುತ್ತುತ್ತವೆ. ಬೆನ್ನ ಹಿಂದಿನಿಂದ ಬರುವ ಗಾಳಿ ಮಾತ್ರ ಎರಡಕ್ಕೂ ಕೆಟ್ಟದ್ದು.

2024ರ ಮೇ 24ರಂದು ಕೇದಾರನಾಥದಲ್ಲಿ ಯಾತ್ರಿಗಳಿದ್ದ ಹೆಲಿಕಾಪ್ಟರೊಂದು ಹೆಲಿಪ್ಯಾಡ್ ಹತ್ತಿರ ಬಂದು, ಇಳಿಯಲಾಗದೆ ಗರಗರ ಸುತ್ತಿ, ಪಕ್ಕದ ಇಳಿಜಾರಿನಲ್ಲಿ ಕೂತಿತು. ಎಲ್ಲರೂ ಬದುಕಿದರು. ಅದರಲ್ಲಿ ಯಂತ್ರದ ದೋಷವನ್ನೂ ಹೇಳಿದರು, ಹಾಗಾಗಿ ಕಾರಣ ಬೇರೆ. ಆದರೆ ಬಾಲ ಸೋತಾಗ ಹೇಗಿರುತ್ತದೆ ಅಂತ ನೋಡಬೇಕಾದರೆ ಆ ವಿಡಿಯೋ ಸಾಕು.

ಮೂರನೆಯದು, ನೆಲಕ್ಕೆ ತಾಗಿದ ಮೇಲೆ ಮಗುಚುವುದು. ಒಂದು ಬದಿಯ ಸ್ಕಿಡ್, ಅಂದರೆ ಕೆಳಗಿನ ಉದ್ದ ಕಾಲು, ಯಾವುದಕ್ಕಾದರೂ ಸಿಕ್ಕಿಕೊಂಡರೆ ಅದೇ ಕೀಲಿನ ಹಾಗೆ ಆಗಿಬಿಡುತ್ತದೆ. ಮೈ 5ರಿಂದ 8 ಡಿಗ್ರಿ ವಾಲಿದರೆ ಸಾಕು, ಮೇಲೆ ಎತ್ತುತ್ತಿದ್ದ ರೋಟರೇ ಅದನ್ನು ಪಕ್ಕಕ್ಕೆ ಎಳೆದು ಬೀಳಿಸುತ್ತದೆ. 8 ಡಿಗ್ರಿ ಎಂದರೆ ಕಣ್ಣಿಗೆ ಹೆಚ್ಚೇನೂ ವಾಲಿದಂತೆ ಕಾಣುವುದಿಲ್ಲ. ಸಿಕ್ಕಿಕೊಳ್ಳಲು ಬಂಡೆಯೇ ಬೇಕಿಲ್ಲ. ಡ್ರಿಪ್ ಪೈಪು, ಕೂಳೆ, ಕಾರ್ಪೆಟ್ಟಿನ ಅಂಚು, ಒದ್ದೆ ಮಣ್ಣು ಯಾವುದಾದರೂ ಆದೀತು.

ನಾಲ್ಕನೆಯದು, ಕಣ್ಣಿಗೆ ಧೂಳು ಕವಿಯುವುದು. ಐದನೆಯದು, ಭಾರ ಜಾಸ್ತಿಯಾಗಿ ರೋಟರ್ ವೇಗ ಬಿದ್ದುಹೋಗುವುದು. ಇವೆರಡನ್ನೂ ಅವುಗಳ ಜಾಗದಲ್ಲೇ ಹೇಳುತ್ತೇನೆ, ಯಾಕೆಂದರೆ ಎರಡರಲ್ಲೂ ನಮ್ಮ ಕೈವಾಡ ಇರುತ್ತದೆ.

ಒಂದು ವಾರ ಮುಂಚೆ: ಜಾಗ ನೋಡುವುದು

ಜಿಲ್ಲಾಡಳಿತದ ಅನುಮತಿ, ಪೊಲೀಸ್, ಅಗ್ನಿಶಾಮಕ, ಜಾಗದ ಮಾಲೀಕರ ಒಪ್ಪಿಗೆ ಇವೆಲ್ಲ ಬೇಕೇಬೇಕು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಹೆಲಿಕಾಪ್ಟರ್ ಕಳಿಸುವವರು ತಮ್ಮ ಅಳತೆಯ ಪಟ್ಟಿ ಕೊಡುತ್ತಾರೆ. ಅದರಲ್ಲಿ ಏನಿದೆಯೋ ಅದೇ ಕೊನೆ ಮಾತು, ನನ್ನ ಮಾತಲ್ಲ.

ಸಣ್ಣ ಹೆಲಿಕಾಪ್ಟರ್ ಎಂದರೆ ರೆಕ್ಕೆ ಸೇರಿ ಉದ್ದ ಸುಮಾರು 12ರಿಂದ 13 ಮೀಟರ್. ನಾನು ಕಡಿಮೆಯೆಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲ ಪೂರ್ತಿ ಬೋಳು ಮಾಡಿಸುತ್ತಿದ್ದೆ. ಜಾಗ ಸಿಕ್ಕರೆ ಇನ್ನೂ ಜಾಸ್ತಿ.

ಅದಕ್ಕಿಂತ ಮುಖ್ಯ, ಅಲ್ಲಿಗೆ ಬರುವ ದಾರಿ. ಹೆಲಿಕಾಪ್ಟರ್ ಬಾವಿಗೆ ಬಿಂದಿಗೆ ಬಿಟ್ಟಹಾಗೆ ನೇರ ಇಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಳಿಯಬಲ್ಲದು, ನಿಜ. ಇಳಿಯಬಾರದು. ಸಾಮಾನ್ಯವಾಗಿ 7ರಿಂದ 12 ಡಿಗ್ರಿ ಇಳಿಜಾರಿನಲ್ಲಿ, ಮುಂದಕ್ಕೆ ಚಲಿಸುತ್ತಾ ಬರುತ್ತದೆ. ಮುಂದಿನ ವೇಗ ಗಂಟೆಗೆ 30ರಿಂದ 45 ಕಿಲೋಮೀಟರ್‌ಗಿಂತ ಮೇಲಿರುವ ತನಕ ರೋಟರ್‌ಗೆ ಹೊಸ ಗಾಳಿ ಸಿಗುತ್ತಿರುತ್ತದೆ, ಕೆಲಸ ಹಗುರ. ಅದರ ಕೆಳಗೆ ಇಳಿದರೆ ಇಂಜಿನ್ ಮೇಲೆ ಭಾರ ಒಮ್ಮೆಲೇ ಏರುತ್ತದೆ. ಇಳಿಯುವ ಜಾಗದಿಂದ 50 ಮೀಟರ್ ದೂರದಲ್ಲಿ 15 ಮೀಟರಿನ ನೀಲಗಿರಿ ಮರ ಇದೆ ಅನ್ನಿ. ಅದನ್ನು ದಾಟಿ ಬರಲು 16, 17 ಡಿಗ್ರಿ ಕಡಿದಾಗಿ ಇಳಿಯಬೇಕು. ಅಂದರೆ ನಿಧಾನ, ನೇರ, ಜಾಸ್ತಿ ಶಕ್ತಿ. ಮೇಲೆ ಹೇಳಿದ ವೋರ್ಟೆಕ್ಸ್ ರಿಂಗ್‌ಗೆ ಬೇಕಾದ ಮೂರೂ ಸೇರಿಕೊಂಡವು ನೋಡಿ.

ನೆನಪಿಟ್ಟುಕೊಳ್ಳಲು ಸುಲಭದ ಲೆಕ್ಕ: ಮರದ ಎತ್ತರದ ಎಂಟು ಪಟ್ಟು ದೂರ. 15 ಮೀಟರ್ ಮರವಾದರೆ 120 ಮೀಟರ್. ಬರುವ ಕಡೆಗೂ ಇದೇ, ಎದುರಿನ ಕಡೆಗೂ ಇದೇ. ಪೈಲಟ್‌ಗೆ ಕೊನೆ ಗಳಿಗೆಯಲ್ಲಿ ಸರಿ ಕಾಣಲಿಲ್ಲ ಅಂದರೆ ಅದೇ ನೇರಕ್ಕೆ ಎದ್ದು ಹೋಗಬೇಕಲ್ಲ? ಆ ದಾರಿಯಲ್ಲಿ ನೀವು ಶಾಮಿಯಾನ ಹಾಕಿಸಿದ್ದರೆ, ಬೇಡ ಅನ್ನಿಸಿದರೂ ಅವರು ಇಳಿಯಲೇಬೇಕಾಗುತ್ತದೆ.

ಇನ್ನು ತಂತಿ. ಮೇಲಿನಿಂದ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ನಮ್ಮ ಕಡೆ ಬೋರ್‌ವೆಲ್‌ಗೆ ಎಳೆದ ತಂತಿಗಳು ಹೊಲದ ಮಧ್ಯೆ ಎಲ್ಲೆಂದರಲ್ಲಿ ಹೋಗಿರುತ್ತವೆ. ಸುತ್ತಲ ಅರ್ಧ ಕಿಲೋಮೀಟರ್ ನಡೆದು ನೋಡಿ. ಮೊಬೈಲ್ ಮ್ಯಾಪ್‌ನಲ್ಲಿ ಗುರುತು ಹಾಕಿ ಪೈಲಟ್‌ಗೆ ಕಳಿಸಿ. ಕಂಬಗಳಿಗೆ ಕೆಂಪು ಬಟ್ಟೆ ಕಟ್ಟಿಸಿ. ಒಮ್ಮೆ ಒಬ್ಬರು ಬಂದು ಹೆಮ್ಮೆಯಿಂದ ಹೇಳಿದರು: "ತಂತಿ ಚಿಂತೆ ಬಿಡಿ ಸಾರ್, ಕರೆಂಟ್ ತೆಗೆಸಿದ್ದೀವಿ." ಕರೆಂಟ್ ಇದ್ದರೇನು ಬಿಟ್ಟರೇನು, ರೆಕ್ಕೆಗೆ ಸುತ್ತಿಕೊಳ್ಳುವುದು ತಂತಿ!

ಇಳಿಜಾರನ್ನು ಗಾರೆ ಕೆಲಸದವರ ಟ್ಯೂಬ್ ಲೆವೆಲ್‌ನಿಂದಲೇ ನೋಡಬಹುದು. 100 ಅಡಿಗೆ 2 ಅಡಿಗಿಂತ ಜಾಸ್ತಿ ಇಳಿಯದಿದ್ದರೆ ಒಳ್ಳೆಯದು. ಕೂರುವ ಜಾಗದಲ್ಲಂತೂ ಕೂಳೆ, ಗೂಟ, ಪೈಪು ಒಂದೂ ಉಳಿಯಬಾರದು. ಹುಲ್ಲು ಎತ್ತರ ಇದ್ದರೆ ಕೊಯ್ಯಿಸಿ. ಹುಲ್ಲು ಸ್ಕಿಡ್ಡಿಗೆ ಸಿಕ್ಕುವುದು ಒಂದು ತೊಂದರೆ. ಇನ್ನೊಂದು ಅಷ್ಟಾಗಿ ಯಾರಿಗೂ ಗೊತ್ತಿಲ್ಲದ್ದು: ನೆಲದ ಹತ್ತಿರ ಬಂದಾಗ ಹೆಲಿಕಾಪ್ಟರ್‌ಗೆ ನೆಲದಿಂದ ಒಂದು ಆಸರೆ ಸಿಗುತ್ತದೆ. ರೋಟರಿನ ಅಗಲದಷ್ಟು ಎತ್ತರದಿಂದ ಕೆಳಗೆ, ಕಡಿಮೆ ಶಕ್ತಿಯಲ್ಲೇ ತೇಲಿ ನಿಲ್ಲುತ್ತದೆ. ಗಟ್ಟಿಯಾದ ನುಣುಪು ನೆಲದ ಮೇಲೆ ಈ ಆಸರೆ ಚೆನ್ನಾಗಿ ಸಿಗುತ್ತದೆ, ಎತ್ತರದ ಹುಲ್ಲು, ಪೈರು, ನೀರಿನ ಮೇಲೆ ಕಡಿಮೆ. ಪೈಲಟ್ ಆಸರೆ ಸಿಗುತ್ತೆ ಅಂತ ಬಂದು, ಅದು ಸಿಗದಿದ್ದರೆ ಕೊನೆಯ ಹತ್ತು ಅಡಿಯಲ್ಲಿ ಧೊಪ್ಪೆಂದು ಕೂರುತ್ತದೆ.

ಭಾರದ ಮಾತು, ನಾಚಿಕೆ ಇಲ್ಲದೆ

ಕಾರ್ಯಕ್ರಮ ಮಾಡುವವರು ನಿಜ ಹೇಳಲು ಹಿಂಜರಿಯುವುದು ಇಲ್ಲೇ. ಯಾರೆಲ್ಲ ಕೂರುತ್ತಾರೆ, ಒಬ್ಬೊಬ್ಬರ ತೂಕ ಎಷ್ಟು, ಸಾಮಾನು ಎಷ್ಟು ಅಂತ ಮೊದಲೇ ಕೇಳುತ್ತಾರೆ. ನಮ್ಮವರು ದೊಡ್ಡವರ ತೂಕ ಕೇಳುವುದು ಮರ್ಯಾದೆ ಅಲ್ಲ ಅಂತ ಅಂದಾಜಿಗೆ 70 ಅಂತ ಬರೆದುಬಿಡುತ್ತಾರೆ. ಆಮೇಲೆ 95 ಕೆ.ಜಿ.ಯವರು ಬೆಳ್ಳಿ ಸಾಮಾನಿನ ಪೆಟ್ಟಿಗೆ ಹಿಡಿದು ಬರುತ್ತಾರೆ.

ಕೋಲಾರ ಸಮುದ್ರ ಮಟ್ಟದಿಂದ ಸುಮಾರು 2,700 ಅಡಿ ಮೇಲಿದೆ. ಆ ಎತ್ತರದಲ್ಲಿ ಲೆಕ್ಕದ ಪ್ರಕಾರ ಇರಬೇಕಾದ ಉಷ್ಣಾಂಶ ಸುಮಾರು 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಇರುವುದು 36. ಬಿಸಿಯಾದಷ್ಟೂ ಗಾಳಿ ತೆಳುವಾಗುವುದರಿಂದ, ಒಂದೊಂದು ಡಿಗ್ರಿ ಜಾಸ್ತಿಗೂ ಊರಿನ ಎತ್ತರಕ್ಕೆ ಸುಮಾರು 120 ಅಡಿ ಕೂಡಿಸಬೇಕು ಅನ್ನುವುದು ಪೈಲಟ್‌ಗಳ ಲೆಕ್ಕ. 26 ಡಿಗ್ರಿಗೆ 3,120 ಅಡಿ. ಅಲ್ಲಿಗೆ ಆ ಮಧ್ಯಾಹ್ನ ಕೋಲಾರದ ಗಾಳಿ 5,800 ಅಡಿ ಎತ್ತರದ ಗಾಳಿಯಷ್ಟು ತೆಳು. ನಂದಿಬೆಟ್ಟದ ತುದಿ 4,851 ಅಡಿ. ಅಂದರೆ ಕೋಲಾರದ ಬಯಲಲ್ಲಿ ನಿಂತ ಹೆಲಿಕಾಪ್ಟರ್‌ಗೆ ತಾನು ನಂದಿಬೆಟ್ಟದ ಮೇಲೆ ಇನ್ನೊಂದು ಸಾವಿರ ಅಡಿ ಹತ್ತಿ ನಿಂತಹಾಗೆ. ಅದೇ ಬೆಳಗಿನ ಏಳು ಗಂಟೆಗೆ 22 ಡಿಗ್ರಿ ಇದ್ದರೆ ಲೆಕ್ಕ 4,140 ಅಡಿಗೆ ಇಳಿಯುತ್ತದೆ. ಮುಹೂರ್ತ ನಮ್ಮ ಕೈಲಿಲ್ಲ, ಸರಿ. ಆದರೆ ಬೇಸಿಗೆಯಲ್ಲಿ ಎರಡು ಗಂಟೆಗೆ ಕರೆಸುವ ಬದಲು ಒಂಬತ್ತಕ್ಕೆ ಮುಂಚೆ ಕರೆಸಲು ಆಗುತ್ತಾ ನೋಡಿ.

ತೆಳು ಗಾಳಿ, ಜಾಸ್ತಿ ಭಾರ ಸೇರಿದರೆ ಏನಾಗುತ್ತದೆ? ಇಳಿಯುವ ಕೊನೆಯಲ್ಲಿ ಪೈಲಟ್ ಎಡಗೈಯ ಕಲೆಕ್ಟಿವ್ ಲಿವರ್ ಎತ್ತುತ್ತಾರೆ, ರೆಕ್ಕೆಗಳು ಗಾಳಿಯನ್ನು ಇನ್ನಷ್ಟು ಕಚ್ಚುತ್ತವೆ. ಇಂಜಿನ್‌ಗೆ ಅಷ್ಟು ಶಕ್ತಿ ಇಲ್ಲದಿದ್ದರೆ ರೋಟರೇ ನಿಧಾನವಾಗುತ್ತದೆ. ಆರ್44ನಲ್ಲಿ ರೋಟರ್ ವೇಗ ಶೇಕಡಾ 97ಕ್ಕೆ ಇಳಿದ ಕೂಡಲೇ ಹಾರ್ನ್ ಕೂಗಲು ಶುರುಮಾಡುತ್ತದೆ. ಅಷ್ಟು ಕಡಿಮೆ ಅಂಚು ಅದಕ್ಕೆ. ಬಾಲದ ರೋಟರ್ ಅದೇ ಗೇರಿಗೆ ಸೇರಿರುವುದರಿಂದ ಅದೂ ನಿಧಾನವಾಗುತ್ತದೆ, ಮೂತಿ ತಿರುಗತೊಡಗುತ್ತದೆ. ಸರಿಪಡಿಸಲು ಲಿವರ್ ಇಳಿಸಬೇಕು. ಆದರೆ ನೆಲ ಹತ್ತಿರ ಬಂದಿರುವಾಗ ಯಾವ ಮನುಷ್ಯನ ಕೈಯೂ ಲಿವರ್ ಇಳಿಸಲು ಒಪ್ಪುವುದಿಲ್ಲ.

ಹಾಗಾಗಿ ಒಬ್ಬೊಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. "ಇನ್ನೊಬ್ಬ ಸಣ್ಣ ಹುಡುಗ ಕೂತ್ಕೊಳ್ಲಿ ಬಿಡಿ" ಅನ್ನುವ ಸೋದರಮಾವ ಪ್ರತಿ ಮದುವೆಯಲ್ಲೂ ಇರುತ್ತಾರೆ. ಪೈಲಟ್ ಬೇಡ ಅಂದರೆ ನೀವು ಪೈಲಟ್ ಕಡೆ ನಿಲ್ಲಿ.

ಹಿಂದಿನ ದಿನ: ಗುರುತು ಮತ್ತು ಗಾಳಿಚೀಲ

ಎಚ್ ಗುರುತು 3 ಮೀಟರ್ ಉದ್ದ, 1.8 ಮೀಟರ್ ಅಗಲ, ಗೆರೆಯ ದಪ್ಪ 0.4 ಮೀಟರ್. ಅದನ್ನು ಹೇಗೆ ಬೇಕೋ ಹಾಗೆ ಬರೆಯುವಂತಿಲ್ಲ. ನಡುವಿನ ಅಡ್ಡಗೆರೆ, ಹೆಲಿಕಾಪ್ಟರ್ ಬರುವ ದಿಕ್ಕಿಗೆ ಅಡ್ಡ ಬರಬೇಕು. ಎರಡು ಉದ್ದ ಕಾಲುಗಳು ಬರುವ ದಾರಿಯ ನೇರಕ್ಕೆ ಇರಬೇಕು. ವೇದಿಕೆಯಿಂದ ನೋಡಿದರೆ ಎಚ್ ನೆಟ್ಟಗೆ ಕಾಣಲಿ ಅಂತ ತಿರುಗಿಸಿ ಬರೆಸಿದವರನ್ನು ನೋಡಿದ್ದೇನೆ. ಸುಣ್ಣವನ್ನು ನೀರಲ್ಲಿ ಕಲಸಿ ಬಳಿಯಿರಿ. ಒಣ ಪುಡಿ ಉದುರಿಸಿದರೆ ಮೊದಲ ಗಾಳಿಗೇ ಪೈಲಟ್‌ ಕಣ್ಣೆದುರು ಬಿಳಿ ಮೋಡ.

ಗಾಳಿಚೀಲದ ಅಳತೆ 2.4 ಮೀಟರ್ ಉದ್ದ, ಬಾಯಿ 0.6 ಮೀಟರ್, ಬಾಲ 0.3 ಮೀಟರ್. ಕಿತ್ತಳೆ ಅಥವಾ ಬಿಳಿ ಬಟ್ಟೆ. ಇದಕ್ಕೆ ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ. ಇಡೀ ಮೈದಾನದಲ್ಲಿ ಪೈಲಟ್ ನಿಜವಾಗಿ ಹುಡುಕುವುದು ಇದೊಂದನ್ನೇ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಒಮ್ಮೆ ಶಾಲಾ ಮೈದಾನದಲ್ಲಿ ಗಾಳಿಚೀಲವನ್ನು ಕಟ್ಟಡದ ಮೂಲೆಗೆ ನೆಡಿಸಿದೆ, ಅಲ್ಲಿ ಕಂಬ ಹೂಳಲು ಸುಲಭ ಅಂತ. ಆಷಾಢದ ಗಾಳಿ. ಪಡುವಲಿಂದ ರಭಸವಾಗಿ ಬೀಸಿ ಕಟ್ಟಡಕ್ಕೆ ಬಡಿದು ಹಿಂದೆ ಸುಳಿ ಸುತ್ತುತ್ತಿತ್ತು. ನನ್ನ ಚೀಲ ಗಾಳಿ ಮೂಡಲಿಂದ ಬರುತ್ತಿದೆ ಅಂತ ತೋರಿಸುತ್ತಿತ್ತು. ಪೈಲಟ್ ಅದನ್ನು ನಂಬಿ ಬಂದರು. ಅಂದರೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬಂದರು. ನೂರಡಿ ಎತ್ತರದಲ್ಲಿ ಏನೋ ಸರಿಯಿಲ್ಲ ಅನ್ನಿಸಿ ಮೂತಿ ಇಳಿಸಿ ಎದ್ದು ಹೋದರು. ಇನ್ನೊಂದು ಸುತ್ತು ಹಾಕಿ, ಕೆರೆಯ ಮೇಲಿನ ಅಲೆ ನೋಡಿ ದಿಕ್ಕು ತಿಳಿದುಕೊಂಡು, ಉಲ್ಟಾ ಕಡೆಯಿಂದ ಇಳಿಸಿದರು.

ಬೆನ್ನ ಗಾಳಿ ಯಾಕೆ ಅಷ್ಟು ಅಪಾಯ ಅಂತ ಆಮೇಲೆ ಅವರೇ ಬಿಡಿಸಿ ಹೇಳಿದರು. ಬೆನ್ನ ಹಿಂದೆ ಗಾಳಿ ಇದ್ದರೆ ನೆಲ ಬೇಗ ಬೇಗ ಓಡಿದಂತೆ ಕಾಣುತ್ತದೆ. ವೇಗ ಜಾಸ್ತಿಯಾಯಿತು ಅಂತ ಪೈಲಟ್ ತಗ್ಗಿಸುತ್ತಾರೆ. ಆದರೆ ಗಾಳಿಯ ಲೆಕ್ಕದಲ್ಲಿ ವೇಗ ಆಗಲೇ ಸೊನ್ನೆಗೆ ಹತ್ತಿರ. ರೋಟರ್‌ಗೆ ಹೊಸ ಗಾಳಿ ನಿಂತುಹೋಯಿತು. ಒಂದು ಕಡೆ ವೋರ್ಟೆಕ್ಸ್ ರಿಂಗ್ ಕಾದಿದೆ, ಇನ್ನೊಂದು ಕಡೆ ಹಿಂದಿನ ಗಾಳಿ ಬಾಲವನ್ನು ಹಿಡಿದು ತಿರುಗಿಸಲು ನೋಡುತ್ತಿದೆ. ಒಂದು ಚೀಲ ತಪ್ಪು ಜಾಗದಲ್ಲಿ ನೆಟ್ಟದ್ದಕ್ಕೆ ಇಷ್ಟು.

ಅಂದಿನಿಂದ ನಾನು ಎರಡು ಚೀಲ ನೆಡಿಸುತ್ತೇನೆ. ಕಟ್ಟಡ, ಮರ, ಶಾಮಿಯಾನದಿಂದ ದೂರ, ಬಯಲಲ್ಲಿ. ಬರುವ ದಾರಿಗೆ ಅಡ್ಡವಾಗದಂತೆ ಒಂದು ಬದಿಗೆ. ಕೋಲಾರ ಪಟ್ಟಣದ ಹತ್ತಿರವಾದರೆ ಅಂತರಗಂಗೆ ಬೆಟ್ಟದ ಮಗ್ಗುಲನ್ನೂ ಗಮನಿಸಬೇಕು. ಪಡುವಣ ಗಾಳಿ ಬೆಟ್ಟ ಹತ್ತಿ ಇಳಿಯುವಾಗ ಕೆಳಗೆ ಎಲ್ಲೆಲ್ಲೋ ತಿರುಗುತ್ತದೆ. ನಿಮ್ಮ ಊರಲ್ಲಿ ರಾಗಿ ತೂರುವವರನ್ನು ಕೇಳಿ, ಯಾವ ಹೊತ್ತಿಗೆ ಗಾಳಿ ಯಾವ ಕಡೆಯದು ಅಂತ ಅವರಷ್ಟು ಸರಿಯಾಗಿ ಹವಾಮಾನದ ಆ್ಯಪ್ ಹೇಳುವುದಿಲ್ಲ.

ಅಂದು ಬೆಳಿಗ್ಗೆ: ಕಸ, ಧೂಳು, ನೀರು

ಎರಡು ಟನ್ ಮೇಲ್ಪಟ್ಟ ಹೆಲಿಕಾಪ್ಟರ್ ತೇಲಿ ನಿಂತಾಗ ಅದರ ಕೆಳಗೆ ಗಂಟೆಗೆ 70ರಿಂದ 80 ಕಿಲೋಮೀಟರ್ ವೇಗದ ಗಾಳಿ ಹೊಡೆಯುತ್ತದೆ. ಅಷ್ಟು ಗಾಳಿಗೆ ಏನೇನು ಹಾರಬಹುದು ಅಂತ ಮೈದಾನದಲ್ಲಿ ನಿಂತು ಒಮ್ಮೆ ಸುತ್ತ ನೋಡಿ. ನಮ್ಮ ಜಿಲ್ಲೆಗೆ ಒಂದು ವಿಶೇಷ ಕಾಟ ಇದೆ. ಟೊಮೆಟೊ ಹೊಲದಲ್ಲಿ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟು. ಬೆಳೆ ಮುಗಿದ ಮೇಲೆ ಹರಿದು ಬದುವಿನ ಮೇಲೆ ಬಿದ್ದಿರುತ್ತದೆ. ಪಾಲಿಹೌಸಿನ ಹಾಳೆ, ನೆರಳಿನ ಬಲೆ, ಸಿಮೆಂಟ್ ಚೀಲ, ಕೂಡ ಅಷ್ಟೇ.

2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಇಳಿಯಲು ಬಂದಾಗ ಸುತ್ತಲ ಪ್ಲಾಸ್ಟಿಕ್ ಹಾಳೆ, ಚೀಲಗಳು ಮೇಲೆದ್ದು ಹಾರಾಡಿದವು. ಪೈಲಟ್ ಇಳಿಸದೆ ಮೇಲಕ್ಕೇರಿದರು. ಕೆಳಗೆ ಚೊಕ್ಕಟ ಮಾಡಿದ ಮೇಲೆ ಇಳಿಸಿದರು. ಸರಿಯಾದ ಕೆಲಸ ಅಂದರೆ ಅದು. ಇಂಜಿನ್ನಿನ ಬಾಯಿಗೋ ಬಾಲದ ರೋಟರ್‌ಗೋ ಒಂದು ಹಾಳೆ ಹೋಗಿದ್ದರೆ ಕಥೆಯೇ ಬೇರೆ.

ನೂರು ಮೀಟರ್ ಸುತ್ತ ಹತ್ತು ಜನರನ್ನು ಸಾಲಾಗಿ ನಡೆಸಿ, ಕೈಗೆ ಸಿಕ್ಕಿದ್ದೆಲ್ಲ ಚೀಲಕ್ಕೆ ತುಂಬಿಸಿ. ಕೆಂಪು ಕಾರ್ಪೆಟ್ ಹಾಸಬೇಡಿ. ಗಣ್ಯರು ಇಪ್ಪತ್ತು ಹೆಜ್ಜೆ ಮಣ್ಣಲ್ಲಿ ನಡೆಯಲಿ. ಕೋಳಿ ಅಂಗಡಿಯ ತ್ಯಾಜ್ಯ ಹತ್ತಿರದಲ್ಲಿ ಬಿದ್ದಿದ್ದರೆ ತೆಗೆಸಿ, ಅದು ಹದ್ದು ಕರೆಯುತ್ತದೆ. 2023ರ ಮೇ 2ರಂದು ಮುಳಬಾಗಿಲಿಗೆ ಹೊರಟಿದ್ದ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರ್‌ಗೆ ಹೊಸಕೋಟೆ ಹತ್ತಿರ ಹದ್ದು ಬಡಿದು ಮುಂದಿನ ಗಾಜು ಒಡೆಯಿತು, ಬೆಂಗಳೂರಿನ ಎಚ್‌ಎಎಲ್‌ಗೆ ಹಿಂತಿರುಗಿ ಇಳಿಸಬೇಕಾಯಿತು.

ಇನ್ನು ಧೂಳು. ನಮ್ಮ ಕೆಂಪು ಮಣ್ಣು ಏಪ್ರಿಲ್‌ನಲ್ಲಿ ಗೋಧಿ ಹಿಟ್ಟಿನಂತಿರುತ್ತದೆ. ಕೊನೆಯ ಇಪ್ಪತ್ತು ಮೂವತ್ತು ಅಡಿಯಲ್ಲಿ ಅದು ಎದ್ದು ಹೆಲಿಕಾಪ್ಟರನ್ನೇ ನುಂಗುತ್ತದೆ. ಪೈಲಟ್‌ಗೆ ನೆಲ ಕಾಣುವುದಿಲ್ಲ, ಅಡ್ಡ ಉದ್ದ ಗೊತ್ತಾಗುವುದಿಲ್ಲ. ಧೂಳು ಸುತ್ತುವುದನ್ನು ನೋಡಿ, ತಾನೇ ಪಕ್ಕಕ್ಕೆ ಜಾರುತ್ತಿದ್ದೇನೆ ಅನ್ನಿಸುತ್ತದೆ. ಸರಿಮಾಡಲು ಹೋಗಿ ನಿಜವಾಗಿಯೂ ಪಕ್ಕಕ್ಕೆ ಜಾರಿಸುತ್ತಾರೆ. ಪಕ್ಕಕ್ಕೆ ಜಾರುತ್ತಾ ನೆಲ ಮುಟ್ಟಿದರೆ ಸ್ಕಿಡ್ ಕಚ್ಚಿಕೊಳ್ಳುತ್ತದೆ, ಮಗುಚುತ್ತದೆ.

ಮದ್ದು ನೀರು. ಆದರೆ ಹಾಕುವ ಹೊತ್ತು ಗೊತ್ತಿರಬೇಕು. ಒಂದು ಚುನಾವಣೆಯಲ್ಲಿ ಹನ್ನೊಂದಕ್ಕೆ ಬರುತ್ತಾರೆ ಅಂತ ಹತ್ತೂವರೆಗೆ ಟ್ಯಾಂಕರ್ ಬಿಡಿಸಿದೆ. ಬಂದದ್ದು ಒಂದೂವರೆಗೆ! ಅಷ್ಟರಲ್ಲಿ ನೆಲ ಹಪ್ಪಳದಂತೆ ಒಣಗಿತ್ತು. ಟ್ಯಾಂಕರ್ ಬಾವಿಗೆ ಹೋಗಿತ್ತು. ಎದ್ದ ಧೂಳಿಗೆ ನಾವೇ ಹೆಲಿಕಾಪ್ಟರ್ ಎಲ್ಲಿದೆ ಅಂತ ಹುಡುಕುವಂತಾಯಿತು. ಪೈಲಟ್ ಮೊದಲ ಸಲ ಬಿಟ್ಟು, ಎರಡನೆಯ ಸಲ ಪಕ್ಕದ ಹುಲ್ಲುನೆಲಕ್ಕೆ ಇಳಿಸಿದರು.

ಸರಿಯಾದ ಕ್ರಮ ಹೀಗೆ. ಹಿಂದಿನ ಸಂಜೆ ಒಂದು ಸಲ ಚೆನ್ನಾಗಿ ನೆನೆಸಿ, ಮಣ್ಣು ಒಳಗಿನವರೆಗೆ ಕೂರಲಿ. ರೋಲರ್ ಇದ್ದರೆ ಹೊಡೆಸಿ. ಬೆಳಿಗ್ಗೆ ಇನ್ನೊಂದು ಸಲ. ಕೊನೆಯದು, ಹೆಲಿಕಾಪ್ಟರ್ ಅಲ್ಲಿಂದ ಹೊರಟಿತು ಅಂತ ಫೋನ್ ಬಂದ ಮೇಲೆ, ತೆಳ್ಳಗೆ. ಟ್ಯಾಂಕರ್ ಅಲ್ಲೇ ಪಕ್ಕದಲ್ಲಿ, ತುಂಬಿದ್ದು ನಿಂತಿರಬೇಕು. ಅತಿಯಾಗಿ ಸುರಿಯಲೂಬಾರದು. ಕೂರುವ ಜಾಗ ಕೆಸರಾದರೆ ಒಂದು ಸ್ಕಿಡ್ ಹೂತುಕೊಳ್ಳುತ್ತದೆ, ಎದ್ದು ಹೋಗುವಾಗ ಆ ಕಡೆ ಅಂಟಿಕೊಂಡು ಇನ್ನೊಂದು ಕಡೆ ಮೇಲೇಳುತ್ತದೆ. ಹೆಜ್ಜೆ ಇಟ್ಟರೆ ಚಪ್ಪಲಿಗೆ ಮಣ್ಣು ಅಂಟಬಾರದು, ಧೂಳೂ ಏಳಬಾರದು. ಅಷ್ಟು ಹದ.

ಇಳಿಯುವ ಹೊತ್ತು

ಜನರನ್ನು 60 ಮೀಟರ್ ಆಚೆ, ಒಂದೇ ಕಡೆ ನಿಲ್ಲಿಸಿ. ನಾಲ್ಕೂ ಕಡೆ ಜನ ನಿಂತರೆ ಪೈಲಟ್‌ಗೆ ತಪ್ಪಿಸಿಕೊಳ್ಳಲು ಕಡೆಯೇ ಇಲ್ಲ. ಬರುವ ದಾರಿ, ಎದ್ದು ಹೋಗುವ ದಾರಿ ಎರಡರ ಕೆಳಗೂ ಒಬ್ಬರೂ ಬೇಡ. ಪಟಾಕಿ, ಪೇಪರ್ ಬ್ಲಾಸ್ಟ್, ಬಲೂನು, ಗಾಳಿಪಟ ಬೇಡ. ಮದುವೆ ಫೋಟೋಗ್ರಾಫರನ್ನು ಹುಡುಕಿ ಅವರ ಡ್ರೋನ್ ಬ್ಯಾಟರಿಯನ್ನು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಸುಮ್ನೆ ಹೇಳಿದರೆ ಅವರು ಕೇಳುವುದಿಲ್ಲ.

ನೆಲದಲ್ಲಿ ಒಬ್ಬರೇ ಮಾತಾಡಬೇಕು. ಹತ್ತು ಜನ ಕೈ ಬೀಸಿ "ಬಾ ಬಾ" ಅಂದರೆ ಯಾವುದು ಸನ್ನೆ, ಯಾವುದು ಸಂಭ್ರಮ ಅಂತ ಮೇಲಿರುವವರಿಗೆ ತಿಳಿಯುವುದಿಲ್ಲ. ಸುತ್ತು ಹಾಕಿ ನೋಡಿ ಹಾಗೇ ಎದ್ದು ಹೋದರೆ ಗಾಬರಿ ಬೇಡ. ಪೈಲಟ್ ಸರಿಯಾಗಿ ಕೆಲಸ ಮಾಡುತ್ತಿದ್ದಾರೆ ಅಂತಲೇ ಅರ್ಥ. ಆಗ "ಯಾಕೆ ಇಳಿಸ್ಲಿಲ್ಲ, ಕಾರ್ಯಕ್ರಮ ತಡವಾಗ್ತಿದೆ" ಅಂತ ಫೋನ್ ಮಾಡಬೇಡಿ. ಸಂಜೆ ಹೊತ್ತಂತೂ ಕತ್ತಲಾಗುತ್ತೆ ಅನ್ನುವ ಅವಸರ ಪೈಲಟ್‌ಗೂ ಇರುತ್ತದೆ, ಎದುರಿನ ಬಿಸಿಲೂ ಕಣ್ಣಿಗೆ ಹೊಡೆಯುತ್ತದೆ. ಅದರ ಮೇಲೆ ನಿಮ್ಮದೂ ಸೇರುವುದು ಬೇಡ.

ಹೂ ಸುರಿಸುವ ಕಾರ್ಯಕ್ರಮ ಇದ್ದರೆ ಒಂದು ಮಾತು. ನನ್ನ ಪ್ರಕಾರ ಇಳಿಯುವುದಕ್ಕಿಂತ ಇದೇ ಜಾಸ್ತಿ ಅಪಾಯ. ಭಾರ ತುಂಬಿಕೊಂಡು, ಕಡಿಮೆ ಎತ್ತರದಲ್ಲಿ, ನಿಧಾನವಾಗಿ, ಗೋಪುರದ ಸುತ್ತ ತಿರುಗಬೇಕು. ಒಂದು ಸುತ್ತಿನಲ್ಲಿ ಗಾಳಿ ಎದುರು, ಪಕ್ಕ, ಬೆನ್ನು ಎಲ್ಲಾ ಕಡೆಯಿಂದಲೂ ಒಮ್ಮೊಮ್ಮೆ ತಾಗುತ್ತದೆ. ಬಾಲ ಸೋಲಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಕೆಳಗೆ ಸಾವಿರಾರು ಜನ. "ಇನ್ನೂ ಸ್ವಲ್ಪ ಕೆಳಗೆ ಬನ್ನಿ, ಹೂವು ತೇರಿನ ಮೇಲೇ ಬೀಳ್ಬೇಕು" ಅಂತ ಒತ್ತಾಯ ಮಾಡಬೇಡಿ. ಗಾಳಿಗೆ ಎದುರಾಗಿ ಒಂದೇ ನೇರದಲ್ಲಿ ವೇಗವಾಗಿ ಹೋಗುತ್ತಾ ಸುರಿದು ಹೋಗಲಿ. ಅರ್ಧ ಹೂವು ಪಕ್ಕದ ಬೀದಿಗೆ ಬಿದ್ದರೆ ಅಲ್ಲಿಯವರೂ ತಲೆಗೆ ಮುಡಿದುಕೊಳ್ಳುತ್ತಾರೆ.

ಇಳಿದ ಮೇಲೆ

ಸ್ಕಿಡ್ ನೆಲ ಮುಟ್ಟಿದ ಕೂಡಲೇ ಹಾರ ಹಿಡಿದು ಓಡುವ ಜನ ಇದ್ದಾರೆ. ಅವರನ್ನು ತಡೆಯುವುದೇ ಆ ದಿನದ ಕಷ್ಟದ ಕೆಲಸ. ನೆಲ ಮುಟ್ಟಿದ್ದು ಇಳಿದಂತೆ ಅಲ್ಲ. ಒಂದು ಬದಿ ಹೂತರೆ ಪೈಲಟ್ ಮತ್ತೆ ಎತ್ತಬಹುದು. ಕೆಲವು ಹೆಲಿಕಾಪ್ಟರ್‌ಗಳು, ಮುಖ್ಯವಾಗಿ ಮೂರು ರೆಕ್ಕೆಯವು, ಅದುರು ತಡೆಯುವ ಡ್ಯಾಂಪರ್ ಸರಿಯಿಲ್ಲದಿದ್ದರೆ ನೆಲದ ಮೇಲೆ ಇದ್ದಕ್ಕಿದ್ದಂತೆ ಗಡಗಡ ನಡುಗಿ ಚೂರಾಗುವವರೆಗೆ ಹೋಗುತ್ತವೆ. ಆಗ ಇರುವ ದಾರಿಗಳಲ್ಲಿ ಒಂದು, ತಕ್ಷಣ ಮೇಲೇಳುವುದು. ನಿಮ್ಮ ಜನ ರೆಕ್ಕೆಯ ಕೆಳಗೆ ಇದ್ದರೆ ಏಳುವುದು ಹೇಗೆ?

ರೆಕ್ಕೆ ಪೂರ್ತಿ ನಿಂತ ಮೇಲೆ ಹೋಗಿ. ನಿಲ್ಲುವ ಹೊತ್ತಿಗೆ ರೆಕ್ಕೆಯ ತುದಿ ಇನ್ನೂ ಕೆಳಕ್ಕೆ ಜೋಲುತ್ತದೆ, ಆಗಲೇ ತಲೆಗೆ ಅಪಾಯ ಜಾಸ್ತಿ. ಮುಂದಿನಿಂದ, ಪೈಲಟ್ ಕಣ್ಣಿಗೆ ಕಾಣುವಂತೆ, ಅವರು ಸನ್ನೆ ಮಾಡಿದ ಮೇಲೆ. ಬಾಲದ ಕಡೆಗೆ ಯಾವ ಕಾರಣಕ್ಕೂ ಬೇಡ. ತಿರುಗುವ ಬಾಲದ ರೋಟರ್ ಕಣ್ಣಿಗೆ ಕಾಣುವುದೇ ಇಲ್ಲ. 2023ರ ಏಪ್ರಿಲ್‌ನಲ್ಲಿ ಕೇದಾರನಾಥದ ಹೆಲಿಪ್ಯಾಡ್‌ನಲ್ಲಿ ಸರ್ಕಾರಿ ಅಧಿಕಾರಿಯೊಬ್ಬರೇ ಅದಕ್ಕೆ ಸಿಕ್ಕಿ ಸತ್ತರು. ಹೆಲಿಪ್ಯಾಡ್ ಪರಿಶೀಲನೆಗೆ ಬಂದವರಿಗೇ ಹಾಗಾಗಿದೆ. ಬಾಲದ ಕಡೆಗೆ ಒಬ್ಬ ಗಟ್ಟಿ ಮನುಷ್ಯನನ್ನು, ದೂರದಲ್ಲಿ, ಬೇರೆ ಯಾವ ಕೆಲಸವನ್ನೂ ಕೊಡದೆ ನಿಲ್ಲಿಸಿ. ಶಾಲು, ಮೈಸೂರು ಪೇಟ ಎಲ್ಲ ಆಮೇಲೆ, ವೇದಿಕೆಯಲ್ಲಿ.

ವಾಪಸ್ ಹೊರಡುವಾಗ ಇದೆಲ್ಲ ಇನ್ನೊಮ್ಮೆ. ಮತ್ತೆ ಚೊಕ್ಕಟ ಮಾಡಿಸಿ, ಯಾಕೆಂದರೆ ಎರಡು ಗಂಟೆ ಅಲ್ಲಿ ಜನ ಓಡಾಡಿ ನೀರಿನ ಬಾಟಲಿ, ಪೇಪರ್ ಪ್ಲೇಟು ಎಸೆದಿರುತ್ತಾರೆ. ಗಾಳಿ ತಿರುಗಿದೆಯಾ ನೋಡಿ. ಮಧ್ಯಾಹ್ನದ ಬಿಸಿ ಏರಿದೆ, ಬೆಳಿಗ್ಗೆ ಎತ್ತಿದಷ್ಟು ಭಾರ ಈಗ ಎತ್ತಲಾರದು. ನಾಲ್ಕು ಜನ ಬಂದವರು ಮೂರೇ ಜನ ಹೋಗಿ ಅಂತ ಪೈಲಟ್ ಅಂದರೆ, ಉಳಿದ ಒಬ್ಬರಿಗೆ ಕಾರು ಮೊದಲೇ ಹೇಳಿಟ್ಟಿರಿ. ನೀರಿನ ಟ್ಯಾಂಕರ್ ಮತ್ತು ಅಗ್ನಿಶಾಮಕ ವಾಹನವನ್ನು ಹೆಲಿಕಾಪ್ಟರ್ ಕಣ್ಮರೆಯಾಗಿ ಹತ್ತು ನಿಮಿಷದ ತನಕ ಕಳಿಸಬೇಡಿ, ಏನಾದರೂ ಸರಿಯಿಲ್ಲ ಅನ್ನಿಸಿದರೆ ಅವರು ವಾಪಸ್ ಬರುವುದು ಇದೇ ಮೈದಾನಕ್ಕೆ. ಆಮೇಲೆ ಗಾಳಿಚೀಲ ಬಿಚ್ಚಿ ಒಣಗಿಸಿ ಮಡಚಿಡಿ.